‘ರ‍್ಯಾಮಿಫೈ’, ‘ರ‍್ಯಾಮಿಫಿಕೇಷನ್’: ಎಲ್ಲಿ ಬಳಸಬೇಕು, ಹೇಗೆ ಬಳಸಬೇಕು

ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯಿಂದ ಟಿಸಿಲು ಹೊರಡುವ ಬಗೆಯ ಬೆಳವಣಿಗೆಯನ್ನು ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದದಿಂದ ಹೇಳಬೇಕಾದಾಗ ‘ರ‍್ಯಾಮಿಫೈ’ ಎನ್ನುತ್ತಾರೆ. ಅದರ ನಾಮಪದ ‘ರ‍್ಯಾಮಿಫಿಕೇಷನ್’. ನಮ್ಮಲ್ಲಿ ಹೆಚ್ಚಿನವರು ಈ ಪದವನ್ನು ಮೊದಲು ಕಾಣುವುದು ಗಿಡಮರಗಳ ವಿವರಣೆಯಲ್ಲಲ್ಲ, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲೋ ನ್ಯಾಯಾಲಯದ ವರದಿಯಲ್ಲೋ ಬರುವ ‘ಸೀರಿಯಸ್ ರ‍್ಯಾಮಿಫಿಕೇಷನ್ಸ್’ ಎಂಬ ಜೋಡಿಯಲ್ಲಿ. ಆದ್ದರಿಂದ ಅದರ ಅರ್ಥ ‘ಕೆಟ್ಟ ಪರಿಣಾಮ’ ಎಂದಷ್ಟೇ ಮನಸ್ಸಿನಲ್ಲಿ ಉಳಿಯುತ್ತದೆ, ಮುಂದೆ ಸ್ವಂತವಾಗಿ ಬರೆಯುವಾಗ ‘ಕಾನ್ಸಿಕ್ವೆನ್ಸ್’ ಎಂದು ಬರೆಯಬೇಕಾದ ಎಲ್ಲ ಕಡೆಯೂ ಇದನ್ನು ತುರುಕುವ ಅಭ್ಯಾಸ ಬೆಳೆಯುತ್ತದೆ. ಇದನ್ನು ತಪ್ಪಿಸಲು ಪದವನ್ನು ಬಳಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇಲ್ಲಿ ಕಾಂಡ ಯಾವುದು? ಅದರಿಂದ ಹೊರಟ ಕವಲುಗಳು ಮತ್ತೆ ಕವಲೊಡೆದಿವೆಯೇ? ಆ ಕವಲುಗಳು ಇನ್ನೂ ಕಾಂಡದೊಡನೆ ಸಂಬಂಧ ಉಳಿಸಿಕೊಂಡಿವೆಯೇ? ಮೂರಕ್ಕೂ ಉತ್ತರ ಸಿಕ್ಕಿದರೆ ಪದ ಸಲ್ಲುತ್ತದೆ, ಇಲ್ಲದಿದ್ದರೆ ಬೇರೆ ಪದವನ್ನು ಹುಡುಕಬೇಕು. ಮುಂದೆ ಬರುವ ಉದಾಹರಣೆಗಳನ್ನೆಲ್ಲ ಈ ಮೂರು ಪ್ರಶ್ನೆಗಳಿಂದಲೇ ಪರೀಕ್ಷಿಸಲಾಗಿದೆ.

ರೂಪ ಮತ್ತು ಉಚ್ಚಾರಣೆ

ಲ್ಯಾಟಿನ್ ಭಾಷೆಯಲ್ಲಿ ‘ರಾಮುಸ್’ ಎಂದರೆ ಕೊಂಬೆ. ಅದಕ್ಕೆ ‘ಮಾಡು’ ಎಂಬರ್ಥದ ಧಾತು ಸೇರಿ ಬಂದ ಕ್ರಿಯಾಪದವು ಫ್ರೆಂಚಿನ ಮೂಲಕ 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು, ನಾಮಪದವು 17ನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಕ್ರೈಸ್ತರ ಗರಿಗಳ ಭಾನುವಾರವನ್ನು ಫ್ರೆಂಚರು ‘ರಾಮೋ’ ಎಂದೂ ಸ್ಪೇನಿನವರು ‘ರಾಮೋಸ್’ ಎಂದೂ ಕರೆಯುವುದು ಇದೇ ಮೂಲದಿಂದ. ನಮ್ಮ ರಾಮನಿಗೂ ಈ ರಾಮುಸ್ಸಿಗೂ ಯಾವ ನಂಟೂ ಇಲ್ಲ.

ಕ್ರಿಯಾಪದದಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ, ನಾಮಪದದಲ್ಲಿ ‘ಕೇ’ ಮೇಲೆ ಬೀಳುತ್ತದೆ. ಬರೆಯುವಾಗ ‘ಎಂ’ ಅಕ್ಷರ ಒಂದೇ ಬಾರಿ ಬರುತ್ತದೆ, ಅದನ್ನು ಇಮ್ಮಡಿಸುವುದು ತಪ್ಪು. ಭೂತಕಾಲದಲ್ಲಿ ಕೊನೆಯ ‘ವೈ’ ಹೋಗಿ ‘ಐ’ ಬರುತ್ತದೆ, ಆದರೆ ‘ರ‍್ಯಾಮಿಫೈಯಿಂಗ್’ ಎಂಬ ರೂಪದಲ್ಲಿ ‘ವೈ’ ಹಾಗೆಯೇ ಉಳಿಯುತ್ತದೆ. ‘ರ‍್ಯಾಟಿಫೈ’ ಎಂದರೆ ಒಪ್ಪಂದವನ್ನು ಅಂಗೀಕರಿಸುವುದು, ‘ರೆಕ್ಟಿಫೈ’ ಎಂದರೆ ತಪ್ಪನ್ನು ಸರಿಪಡಿಸುವುದು. ಅವಸರದಲ್ಲಿ ಬೆರಳಚ್ಚು ಮಾಡುವಾಗ ಈ ಮೂರೂ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದುಂಟು. ಕಾಗುಣಿತ ಪರೀಕ್ಷಿಸುವ ತಂತ್ರಾಂಶವು ಮೂರನ್ನೂ ಸರಿಯೆಂದೇ ಬಿಡುವುದರಿಂದ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ಗಿಡಮರಗಳ ಮಾತಿನಲ್ಲಿ

ಪದದ ಮೂಲಾರ್ಥ ಇಲ್ಲಿಯದೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಗಿಡದ ತುದಿಮೊಗ್ಗು ಇರುವವರೆಗೂ ಅದರಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಹರಿಯುತ್ತ ಪಕ್ಕದ ಮೊಗ್ಗುಗಳು ಚಿಗುರದಂತೆ ತಡೆಯುತ್ತದೆ. ಕುಡಿ ಚಿವುಟಿದಾಗ ಆ ತಡೆ ಸಡಿಲವಾಗಿ ಎಲೆಗಳ ಕಂಕುಳಲ್ಲಿದ್ದ ಮೊಗ್ಗುಗಳು ಎದ್ದು ಬರುತ್ತವೆ. ಸೇವಂತಿಗೆ ಬೆಳೆಯುವವರು ಕುಡಿ ಚಿವುಟುವುದೂ ಕಾಫಿ ತೋಟದಲ್ಲಿ ಅರೇಬಿಕಾ ಗಿಡದ ತಲೆಯನ್ನು ಸುಮಾರು ಎರಡೂವರೆ ಅಡಿ ಎತ್ತರದಲ್ಲಿ ತೆಗೆದು ‘ಟಾಪಿಂಗ್’ ಮಾಡುವುದೂ ಗಿಡ ಮೇಲಕ್ಕೆ ಹೋಗುವುದನ್ನು ಬಿಟ್ಟು ಅಗಲಕ್ಕೆ ಹರಡಲಿ ಎಂದೇ. ಕಾಫಿ ಗಿಡದಲ್ಲಿ ಮುಖ್ಯ ಕಾಂಡದಿಂದ ಅಡ್ಡಕ್ಕೆ ಹೊರಡುವ ಮೊದಲ ರೆಕ್ಕೆಗಳಿಗೆ ‘ಪ್ರೈಮರಿ’ ಎಂದೂ ಅವುಗಳಿಂದ ಹೊರಡುವವಕ್ಕೆ ‘ಸೆಕೆಂಡರಿ’ ಎಂದೂ ಹೆಸರಿದೆ. ಕಾಂಡ ಇದೆ, ಎರಡನೆಯ ಹಂತದ ಕವಲು ಇದೆ, ಎಲ್ಲವೂ ಒಂದೇ ಗಿಡದ ಮೈಗೆ ಅಂಟಿಕೊಂಡಿವೆ. ಆದ್ದರಿಂದ ‘ವನ್ಸ್ ಟಾಪ್ಡ್, ದಿ ಪ್ಲಾಂಟ್ ರ‍್ಯಾಮಿಫೈಸ್ ಫ್ರೀಲಿ’ ಎಂಬ ವಾಕ್ಯ ನಿರ್ದುಷ್ಟವಾಗಿದೆ. ಇಲ್ಲಿ ಕ್ರಿಯಾಪದಕ್ಕೆ ಕರ್ಮ ಇಲ್ಲದಿರುವುದನ್ನು ಗಮನಿಸಬೇಕು. ಗಿಡ ತಾನೇ ಕವಲೊಡೆಯುತ್ತದೆ. ತೋಟಗಾರನು ಗಿಡವನ್ನು ‘ರ‍್ಯಾಮಿಫೈ’ ಮಾಡಿದನು ಎಂದು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ.

ತೆಂಗು, ಅಡಕೆ ಮರಗಳ ಕಾಂಡಕ್ಕೆ ಈ ಪದ ಸಲ್ಲುವುದಿಲ್ಲ. ಅವುಗಳಿಗೆ ತಲೆಯಲ್ಲಿ ಬೆಳೆಯುವ ಸುಳಿ ಒಂದೇ, ಅದು ಸತ್ತರೆ ಮರವೇ ಸತ್ತಂತೆ. ಆದರೆ ಅಡಕೆಯ ಸಿಂಗಾರವೂ ತೆಂಗಿನ ಹೊಂಬಾಳೆಯೂ ಕವಲೊಡೆದಿರುವುದರಿಂದ ಹೂಗೊಂಚಲಿನ ವಿವರಣೆಯಲ್ಲಿ ‘ರ‍್ಯಾಮಿಫೈಡ್’ ಎಂಬ ವಿಶೇಷಣವನ್ನು ಧಾರಾಳವಾಗಿ ಬಳಸಬಹುದು. ಬಾಳೆಯ ಬುಡದಲ್ಲಿ ಏಳುವ ಮರಿಗಳಿಗೆ ಇಂಗ್ಲಿಷಿನಲ್ಲಿ ‘ಸಕ್ಕರ್’ ಎನ್ನುತ್ತಾರೆ, ರಾಗಿ ಮತ್ತು ಭತ್ತದ ತೆಂಡೆಗೆ ‘ಟಿಲ್ಲರ್’ ಎನ್ನುತ್ತಾರೆ, ಮೆಣಸಿನ ಬುಡದಿಂದ ನೆಲದ ಮೇಲೆ ಹರಿಯುವ ಹಂಬಿಗೆ ‘ರನ್ನರ್’ ಎನ್ನುತ್ತಾರೆ. ಇವೆಲ್ಲವೂ ಒಂದು ಗಿಡ ಹಲವಾಗುವ ಬಗೆಗಳೇ ಆದರೂ ಬುಡದಿಂದ ಬೇರೆಯಾಗಿ ಏಳುವ ಬೆಳವಣಿಗೆಗಳಾದ್ದರಿಂದ, ರೈತ ತೆಂಡೆಗೂ ಟಿಸಿಲಿಗೂ ವ್ಯತ್ಯಾಸ ಮಾಡುವಂತೆ ಇಂಗ್ಲಿಷಿನವರೂ ಬೇರೆ ಪದಗಳನ್ನು ಇಟ್ಟುಕೊಂಡಿದ್ದಾರೆ. ‘ದಿ ರಾಗಿ ರ‍್ಯಾಮಿಫೈಡ್ ವೆಲ್’ ಎಂದು ಬರೆದರೆ ಕೃಷಿ ಬಲ್ಲ ಓದುಗನು ಗೊಂದಲಕ್ಕೆ ಬೀಳುತ್ತಾನೆ.

ಆಲದ ಮರದ ವಿಷಯ ಇನ್ನೂ ಸ್ವಾರಸ್ಯಕರ. ಆಲದ ಕೊಂಬೆಗಳು ಹರಡುವುದು ‘ರ‍್ಯಾಮಿಫೈ’ ಆಗುವುದೇ ಸರಿ, ಆದರೆ ಕೊಂಬೆಯಿಂದ ಇಳಿಯುವ ಬಿಳಲು ನೆಲಕ್ಕೆ ತಾಗಿ ತಾನೇ ಕಂಬವಾಗುವುದು ಬೇರೆ ಸಂಗತಿ, ಅದಕ್ಕೆ ‘ಪ್ರಾಪ್ ರೂಟ್’ ಎಂಬ ಹೆಸರಿದೆ. ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಯ ಆಚೆ ಇರುವ ದೊಡ್ಡ ಆಲದ ಮರವು ಸುಮಾರು 3 ಎಕರೆಯಷ್ಟು ಜಾಗದಲ್ಲಿ ಹಬ್ಬಿದೆ. ಅದರ ಮೂಲ ಕಾಂಡ ರೋಗಕ್ಕೆ ತುತ್ತಾಗಿ ಹೋದ ಮೇಲೆ ಬಿಳಲುಗಳೇ ಬೇರೆ ಬೇರೆ ಮರಗಳಂತೆ ನಿಂತಿವೆ. ಮೂಲ ಕಾಂಡ ಇದ್ದ ಕಾಲದ ಮರವನ್ನು ವರ್ಣಿಸುವಾಗ ಒಪ್ಪುವ ಪದವು ಇಂದಿನ ತೋಪಿನಂಥ ನೋಟವನ್ನು ವರ್ಣಿಸುವಾಗ ಅಷ್ಟಾಗಿ ಒಪ್ಪುವುದಿಲ್ಲ, ಏಕೆಂದರೆ ಮೊದಲ ಪ್ರಶ್ನೆಗೆ ಉತ್ತರವಾಗಬೇಕಿದ್ದ ಕಾಂಡವೇ ಅಲ್ಲಿ ಉಳಿದಿಲ್ಲ.

ಬೊನ್ಸಾಯ್ ಬೆಳೆಸುವವರ ಬಾಯಲ್ಲಿ ‘ರ‍್ಯಾಮಿಫಿಕೇಷನ್’ ಎಂಬುದು ಮೆಚ್ಚುಗೆಯ ಮಾತು. ದಪ್ಪ ಕೊಂಬೆಯಿಂದ ತುದಿಯ ಸಣ್ಣ ಟಿಸಿಲಿನವರೆಗೆ ಹಂತಹಂತವಾಗಿ ತೆಳುವಾಗುತ್ತ ಹೋಗುವ ದಟ್ಟಣೆಗೆ ಅವರು ಈ ಹೆಸರನ್ನು ಕೊಡುತ್ತಾರೆ, ಮತ್ತು ಈ ಅರ್ಥದಲ್ಲಿ ಅದನ್ನು ಯಾವಾಗಲೂ ಏಕವಚನದಲ್ಲಿ, ಎಣಿಸಲಾಗದ ಪದವಾಗಿ ಬಳಸುತ್ತಾರೆ. ‘ದಿಸ್ ಫೈಕಸ್ ಹ್ಯಾಸ್ ಗುಡ್ ರ‍್ಯಾಮಿಫಿಕೇಷನ್’ ಎಂದು ಹೇಳಬೇಕು; ಬಹುವಚನ ಮಾಡಿದರೆ ಆ ಪುಟ್ಟ ಮರದಿಂದ ಏನೋ ತೊಂದರೆ ಆಗಲಿದೆ ಎಂಬ ಧ್ವನಿ ಬಂದುಬಿಡುತ್ತದೆ.

ದೇಹ, ನದಿ, ನಾಲೆ

ಅಂಗರಚನಾಶಾಸ್ತ್ರದಲ್ಲಿ ಮೂಲ ಲ್ಯಾಟಿನ್ ಪದವೇ ‘ರೇಮಸ್’ ಎಂಬ ಉಚ್ಚಾರಣೆಯಲ್ಲಿ ಉಳಿದುಕೊಂಡಿದೆ, ಅದರ ಬಹುವಚನ ‘ರೇಮೈ’. ಕೆಳದವಡೆಯ ಮೂಳೆ ಹಿಂಬದಿಯಲ್ಲಿ ಮೇಲಕ್ಕೆ ತಿರುಗುವ ಭಾಗ ಒಂದು ರೇಮಸ್, ಬೆನ್ನುಹುರಿಯಿಂದ ಹೊರಟ ನರ ಮುಂದಕ್ಕೂ ಹಿಂದಕ್ಕೂ ಒಡೆದಾಗ ಆಗುವ ಎರಡು ಕವಲುಗಳೂ ರೇಮೈ. ಹೃದಯದ ಆಂಜಿಯೋಗ್ರಾಂ ವರದಿಯಲ್ಲಿ ‘ರೇಮಸ್ ಇಂಟರ್‌ಮೀಡಿಯಸ್’ ಎಂಬ ಹೆಸರು ಕಂಡು ಮನೆಯವರು ಗಾಬರಿಯಾಗುವುದುಂಟು. ಅದು ರೋಗದ ಹೆಸರಲ್ಲ. ಎಡ ಮುಖ್ಯ ಧಮನಿ ಎರಡಾಗುವ ಬದಲು ಮೂರಾಗಿ ಒಡೆದಾಗ ನಡುವೆ ಹೊರಡುವ ಕವಲಿಗೆ ಇಟ್ಟ ಹೆಸರು ಅದು. ಆ ಹೆಸರಿನ ಮುಂದೆ ಏನು ಬರೆದಿದ್ದಾರೆ ಎಂಬುದನ್ನು ವೈದ್ಯರಿಂದ ತಿಳಿಯಬೇಕು. ಕ್ರಿಯಾಪದದ ಬಳಕೆಗೆ ಶ್ವಾಸಕೋಶ ಒಳ್ಳೆಯ ಉದಾಹರಣೆ. ಶ್ವಾಸನಾಳ ಎರಡಾಗಿ, ಆ ಎರಡು ಮತ್ತೆ ಒಡೆದು, ಸುಮಾರು 23 ಹಂತಗಳ ನಂತರ ಗಾಳಿಚೀಲಗಳನ್ನು ತಲುಪುತ್ತದೆ. ‘ದಿ ಏರ್‌ವೇಸ್ ರ‍್ಯಾಮಿಫೈ ಥ್ರೂಔಟ್ ದಿ ಲಂಗ್’ ಎಂಬಲ್ಲಿ ‘ಥ್ರೂಔಟ್’ ಬಂದಿದೆ. ‘ಇನ್‌ಟು’ ಬಂದರೆ ಯಾವುದಾಗಿ ಒಡೆಯಿತು ಎಂದೂ ‘ಥ್ರೂ’ ಅಥವಾ ‘ಥ್ರೂಔಟ್’ ಬಂದರೆ ಎಲ್ಲೆಲ್ಲಿ ಹಬ್ಬಿತು ಎಂದೂ ಅರ್ಥ. ಈ ಕ್ರಿಯಾಪದದೊಡನೆ ಬರುವ ಉಪಸರ್ಗಗಳಲ್ಲಿ ಮುಖ್ಯವಾದವು ಇವೇ.

ನದಿಯ ವಿಷಯದಲ್ಲಿ ನೀರು ಹರಿಯುವ ದಿಕ್ಕನ್ನು ನೋಡಬೇಕು. ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿಗಳು ಕಾವೇರಿಯನ್ನು ಸೇರುತ್ತವೆಯೇ ಹೊರತು ಅದರಿಂದ ಹೊರಡುವುದಿಲ್ಲ. ನಕಾಶೆಯಲ್ಲಿ ಆ ಚಿತ್ರ ಮರದಂತೆಯೇ ಕಂಡರೂ ಭೂಗೋಳಶಾಸ್ತ್ರಜ್ಞರು ಅದನ್ನು ಗ್ರೀಕ್ ಮೂಲದ ‘ಡೆಂಡ್ರಿಟಿಕ್’ ಎಂಬ ಪದದಿಂದ ಕರೆಯುತ್ತಾರೆ. ಶ್ರೀರಂಗಪಟ್ಟಣದಲ್ಲೂ ಶಿವನಸಮುದ್ರದಲ್ಲೂ ನದಿ ಎರಡಾಗುತ್ತದೆ, ಆದರೆ ಮುಂದೆ ಮತ್ತೆ ಒಂದಾಗುತ್ತದೆ. ಅಲ್ಲಿಗೆ ‘ಸ್ಪ್ಲಿಟ್ಸ್’ ಎಂದರೆ ಸಾಕು. ತಿರುಚಿರಾಪಳ್ಳಿಯ ಬಳಿ ಕೊಳ್ಳಿಡಂ ಬೇರೆಯಾಗಿ, ಕಲ್ಲಣೈ ಅಣೆಕಟ್ಟಿನಲ್ಲಿ ವೆಣ್ಣಾರು ಬೇರೆಯಾಗಿ, ಆಮೇಲೆ ಅರಸಲಾರು, ಕುಡಮುರುಟ್ಟಿ ಮುಂತಾದ ಕವಲುಗಳಾಗಿ ತಂಜಾವೂರಿನ ಬಯಲಿನಲ್ಲಿ ನದಿ ಹರಡುವಾಗ ಮಾತ್ರ ‘ರ‍್ಯಾಮಿಫೈಸ್’ ಎನ್ನುವುದು ಪೂರ್ತಿಯಾಗಿ ಒಪ್ಪುತ್ತದೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಗೂ ಇದೇ ಮಾತು ಅನ್ವಯಿಸುತ್ತದೆ. ಮುಖ್ಯ ನಾಲೆ, ಶಾಖಾ ನಾಲೆ, ವಿತರಣಾ ನಾಲೆ, ಹೊಲಗಾಲುವೆ ಎಂಬ ನೀರಾವರಿ ಇಲಾಖೆಯ ಹೆಸರುಗಳೇ ಅಲ್ಲಿ ಹಂತಗಳನ್ನು ತೋರಿಸುತ್ತವೆ.

ಪರಿಣಾಮ ಎಂಬ ಅರ್ಥದಲ್ಲಿ

ಪತ್ರಿಕೆಗಳಲ್ಲೂ ಕಚೇರಿಯ ಟಿಪ್ಪಣಿಗಳಲ್ಲೂ ಕಾಣುವುದು ಹೆಚ್ಚಾಗಿ ಈ ಬಳಕೆಯೇ, ತಪ್ಪುಗಳು ಹೆಚ್ಚಾಗುವುದೂ ಇಲ್ಲಿಯೇ. ಒಂದು ತೀರ್ಮಾನ ಅಥವಾ ಘಟನೆ ಕಾಂಡದ ಜಾಗದಲ್ಲಿ ನಿಂತು, ಅದರಿಂದ ಹುಟ್ಟುವ ಪರಿಣಾಮಗಳು ಹಲವು ದಿಕ್ಕಿಗೆ ಹರಡಿ, ಒಂದೊಂದು ಪರಿಣಾಮವೂ ಮತ್ತೆ ಬೇರೆ ಪರಿಣಾಮಗಳನ್ನು ಹುಟ್ಟಿಸುವಾಗ ಅವೆಲ್ಲವನ್ನೂ ಒಟ್ಟಿಗೆ ‘ರ‍್ಯಾಮಿಫಿಕೇಷನ್ಸ್’ ಎನ್ನುತ್ತಾರೆ. ಸ್ವಭಾವತಃ ಹಲವಾಗಿರುವುದರಿಂದ ಈ ಅರ್ಥದಲ್ಲಿ ಅದು ಬಹುವಚನದಲ್ಲಿಯೇ ಬರುವುದು ವಾಡಿಕೆ. ಏಕವಚನ ವ್ಯಾಕರಣದ ದೃಷ್ಟಿಯಿಂದ ತಪ್ಪಲ್ಲ. ‘ವನ್ ರ‍್ಯಾಮಿಫಿಕೇಷನ್ ಆಫ್ ದಿ ಆರ್ಡರ್’ ಎಂದು ಹಲವುಗಳಲ್ಲಿ ಒಂದನ್ನು ಎತ್ತಿ ಹೇಳಬಹುದು. ಆದರೆ ಒಂದೇ ಒಂದು ಫಲಿತಾಂಶವಿರುವ ಕಡೆ ಈ ಪದವನ್ನು ಹಾಕಿದರೆ ಅದು ಹೊತ್ತ ಭಾರಕ್ಕೆ ತಕ್ಕ ವಿಷಯ ಅಲ್ಲಿ ಇರುವುದಿಲ್ಲ. ತಡವಾಗಿ ಬಂದುದಕ್ಕೆ ಅರ್ಧ ದಿನದ ಸಂಬಳ ಕಡಿತವಾಯಿತು ಎಂಬುದು ‘ಕಾನ್ಸಿಕ್ವೆನ್ಸ್’, ‘ರ‍್ಯಾಮಿಫಿಕೇಷನ್’ ಅಲ್ಲ.

ಒಂದು ನಿಜವಾದ ಸಂದರ್ಭವನ್ನು ತೆಗೆದುಕೊಳ್ಳೋಣ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕಾವೇರಿ ವಿವಾದದಲ್ಲಿ ತೀರ್ಪು ಕೊಟ್ಟಾಗ, ನ್ಯಾಯಮಂಡಳಿಯು 2007ರಲ್ಲಿ ಹಂಚಿದ್ದ ಪಾಲಿಗಿಂತ 14.75 ಟಿಎಂಸಿ ನೀರು ಕರ್ನಾಟಕಕ್ಕೆ ಹೆಚ್ಚಾಗಿ ದೊರೆಯಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಎಂದು ಗೊತ್ತಾಯಿತು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ಈ ಇಳಿಕೆ ತೀರ್ಪಿನ ನೇರ ಫಲ, ಅದನ್ನು ‘ರಿಸಲ್ಟ್’ ಎಂದರೆ ಸಾಕು. ಆದರೆ ನಗರದ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗೆ ಇದೆ ಎಂಬ ಕಾರಣಕ್ಕೆ ಇಡೀ ನಗರದ ಕುಡಿಯುವ ನೀರಿನ ಬೇಡಿಕೆಯನ್ನು ಕಡಿಮೆ ಮಾಡುವುದು ಸರಿಯಲ್ಲ ಎಂಬ ನ್ಯಾಯಾಲಯದ ನಿಲುವು ಒಂದು ಕವಲು; ಅಂತರ್ಜಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದು ಇನ್ನೊಂದು ಕವಲು; ತೀರ್ಪನ್ನು ಜಾರಿಗೆ ತರಲು ಅದೇ ವರ್ಷದ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಗಿದ್ದು ಮತ್ತೊಂದು ಕವಲು; ಮಳೆ ಕಡಿಮೆಯಾದ ವರ್ಷಗಳಲ್ಲಿ ಆ ಪ್ರಾಧಿಕಾರದ ಆದೇಶಗಳ ಸುತ್ತ ಮತ್ತೆ ಎದ್ದ ತಕರಾರುಗಳು ಆ ಮೂರನೆಯ ಕವಲಿನ ಟಿಸಿಲುಗಳು. ಈ ಎಲ್ಲವನ್ನೂ ಚರ್ಚಿಸುವ ಲೇಖನಕ್ಕೆ ‘ದಿ ರ‍್ಯಾಮಿಫಿಕೇಷನ್ಸ್ ಆಫ್ ದಿ ವರ್ಡಿಕ್ಟ್’ ಎಂಬ ತಲೆಬರಹ ಸಾರ್ಥಕವಾಗುತ್ತದೆ. ಟಿಎಂಸಿ ಅಂಕಿಗಳನ್ನು ಮಾತ್ರ ಕೊಡುವ ವರದಿಗೆ ಅದೇ ತಲೆಬರಹ ಹಾಕಿದರೆ ಓದುಗನಿಗೆ ಇಲ್ಲದ ಆಸೆ ಹುಟ್ಟಿಸಿದಂತಾಗುತ್ತದೆ.

ಈ ನಾಮಪದದ ಮುಂದೆ ‘ಲೀಗಲ್’, ‘ಪೊಲಿಟಿಕಲ್’, ‘ಫೈನಾನ್ಷಿಯಲ್’, ‘ವೈಡ್’, ‘ಫುಲ್’ ಎಂಬ ವಿಶೇಷಣಗಳು ಸಹಜವಾಗಿ ಕೂಡುತ್ತವೆ. ಕ್ರಿಯಾಪದಗಳಲ್ಲಿ ‘ಹ್ಯಾವ್’, ‘ಕನ್ಸಿಡರ್’, ‘ಅಂಡರ್‌ಸ್ಟ್ಯಾಂಡ್’ ಕೂಡುತ್ತವೆ. ಪರಿಣಾಮ ಯಾವುದರದು ಎಂಬುದಕ್ಕೆ ‘ಆಫ್’, ಯಾರ ಮೇಲೆ ಎಂಬುದಕ್ಕೆ ‘ಫಾರ್’ ಬರುತ್ತದೆ. ನಮ್ಮವರು ಕನ್ನಡದ ‘ಮೇಲೆ’ ಎಂಬುದನ್ನು ಅನುಸರಿಸಿ ‘ರ‍್ಯಾಮಿಫಿಕೇಷನ್ಸ್ ಆನ್ ಫಾರ್ಮರ್ಸ್’ ಎಂದು ಬರೆಯುತ್ತಾರೆ; ‘ಫಾರ್ ಫಾರ್ಮರ್ಸ್’ ಎಂದು ತಿದ್ದಿಕೊಳ್ಳಬೇಕು. ಪದದ ಧ್ವನಿ ಪೂರ್ತಿ ಕೆಟ್ಟದ್ದಲ್ಲವಾದರೂ ತೊಡಕಿನ ಕಡೆಗೆ ವಾಲಿದೆ. ಮಗಳಿಗೆ ಒಳ್ಳೆಯ ಕೆಲಸ ಸಿಕ್ಕಿದ್ದರ ‘ರ‍್ಯಾಮಿಫಿಕೇಷನ್ಸ್’ ಎಂದು ಬರೆದರೆ, ಬರೆದವರಿಗೆ ಆ ಕೆಲಸ ಇಷ್ಟವಿಲ್ಲವೇನೋ ಎಂಬ ಅನುಮಾನ ಬರುತ್ತದೆ. ಕ್ರಿಯಾಪದವನ್ನು ಈ ಅರ್ಥದಲ್ಲಿ ಮಾತಿನಲ್ಲಿ ಬಳಸುವುದು ತೀರ ಕಡಿಮೆ. ಬರವಣಿಗೆಯಲ್ಲಿ ‘ದಿ ಡಿಸ್ಪ್ಯೂಟ್ ರ‍್ಯಾಮಿಫೈಡ್’ ಎಂದು ಬರೆಯಬಹುದು, ಆದರೆ ಕಚೇರಿಯ ಸಭೆಯಲ್ಲಿ ಹೀಗೆ ಹೇಳಿದರೆ ಆಡಂಬರವಾಗಿ ಕೇಳಿಸುತ್ತದೆ.

ಗಣಿತದಲ್ಲಿ ಮತ್ತು ತರ್ಕಶಾಸ್ತ್ರದಲ್ಲಿ ಈ ಪದಕ್ಕೆ ತನ್ನದೇ ಪರಿಭಾಷೆಯಿದೆ, ಅಲ್ಲಿ ನಿಘಂಟಿನ ಅರ್ಥ ನೆರವಿಗೆ ಬರುವುದಿಲ್ಲ. ಸಂಖ್ಯಾಸಿದ್ಧಾಂತದಲ್ಲಿ ಒಂದು ಅವಿಭಾಜ್ಯ ಸಂಖ್ಯೆಯು ದೊಡ್ಡ ಸಂಖ್ಯಾವ್ಯವಸ್ಥೆಯಲ್ಲಿ ಒಂದೇ ಅಪವರ್ತನವನ್ನು ಒಂದಕ್ಕಿಂತ ಹೆಚ್ಚು ಬಾರಿ ಪಡೆದಾಗ ಅದು ‘ರ‍್ಯಾಮಿಫೈ’ ಆಯಿತು ಎನ್ನುತ್ತಾರೆ. ಗೌಸನ ಪೂರ್ಣಾಂಕಗಳಲ್ಲಿ, ಅಂದರೆ ಸಾಮಾನ್ಯ ಪೂರ್ಣಾಂಕಗಳಿಗೆ −1ರ ವರ್ಗಮೂಲವನ್ನೂ ಸೇರಿಸಿ ಪಡೆದ ಸಂಖ್ಯೆಗಳಲ್ಲಿ, 5 ಎರಡು ಬೇರೆ ಅಪವರ್ತನಗಳಾಗಿ ಒಡೆಯುತ್ತದೆ, 3 ಒಡೆಯದೆ ಉಳಿಯುತ್ತದೆ, 2 ಮಾತ್ರ ರ‍್ಯಾಮಿಫೈ ಆಗುತ್ತದೆ. ಅಂದರೆ ಇಲ್ಲಿ ಪದವು ಕವಲುಗಳು ಬೇರೆಯಾಗಿ ಹರಡಿದ ಜಾಗವನ್ನಲ್ಲ, ಅವು ಕೂಡಿರುವ ಕವೆಯನ್ನೇ ಹೆಸರಿಸುತ್ತದೆ. ಬರ್ಟ್ರಂಡ್ ರಸೆಲ್ 1908ರಲ್ಲಿ ಮಂಡಿಸಿದ ‘ರ‍್ಯಾಮಿಫೈಡ್’ ಪ್ರರೂಪ ಸಿದ್ಧಾಂತದಲ್ಲಿ (‘ಟೈಪ್ ಥಿಯರಿ’), ಪ್ರತಿ ಪ್ರರೂಪವೂ ಮತ್ತೆ ಶ್ರೇಣಿಗಳಾಗಿ ಒಡೆಯುವುದರಿಂದ ಮೂಲಾರ್ಥ ಹೆಚ್ಚು ನೇರವಾಗಿ ಉಳಿದಿದೆ.

ನೆರೆಯ ಪದಗಳು ಮತ್ತು ಕನ್ನಡದಲ್ಲಿ ಹೇಳುವ ಬಗೆ

ಭಾರತದ ಇಂಗ್ಲಿಷಿಗೆ ‘ಬೈಫರ್ಕೇಷನ್’ ಬಲು ಪ್ರಿಯ. 2014ರಲ್ಲಿ ಆಂಧ್ರಪ್ರದೇಶ ಎರಡಾದಾಗ ಎಲ್ಲ ಪತ್ರಿಕೆಗಳೂ ಬಳಸಿದ್ದು ಇದನ್ನೇ. ಸರಿಯಾಗಿ ಎರಡಾದಾಗ ಮಾತ್ರ ಅದು ಸಲ್ಲುತ್ತದೆ, ಹಾಗೆ ಎರಡಾದ ರಾಜ್ಯಗಳು ಬೇರೆಬೇರೆಯಾಗಿಯೇ ಉಳಿಯುವುದರಿಂದ ಅಲ್ಲಿ ‘ರ‍್ಯಾಮಿಫೈ’ ಸಲ್ಲುವುದಿಲ್ಲ. ವ್ಯಾಪಾರಿಯೊಬ್ಬ ಬಟ್ಟೆ ಅಂಗಡಿಯ ಜೊತೆಗೆ ಪಾತ್ರೆ ಅಂಗಡಿಯನ್ನೂ ತೆರೆದರೆ ‘ಬ್ರ್ಯಾಂಚ್ ಔಟ್’ ಎನ್ನಬೇಕು. ಒಂದು ಸಂಘಟನೆಯಿಂದ ಸಿಡಿದು ಬೇರೆಯಾಗಿ ಬೆಳೆದುದು ‘ಆಫ್‌ಶೂಟ್’. ಸಂಖ್ಯೆಯಲ್ಲಿ ಹೆಚ್ಚುವುದಷ್ಟೇ ಮುಖ್ಯವಾದರೆ ‘ಪ್ರೊಲಿಫರೇಟ್’. ಮಾಡಿದ್ದು ತಿರುಗಿ ಬಂದು ಮಾಡಿದವನಿಗೇ ತಾಗುವ ಧ್ವನಿ ಬೇಕಾದರೆ ‘ರಿಪರ್ಕಷನ್’. ಮಾತಿನೊಳಗೇ ಅಡಗಿರುವ, ಇನ್ನೂ ನಡೆಯದಿರುವ ಅರ್ಥಕ್ಕೆ ‘ಇಂಪ್ಲಿಕೇಷನ್’. ಈ ಕೊನೆಯ ಎರಡರೊಡನೆ ಗೊಂದಲ ಹೆಚ್ಚು. ಸಂದೇಹವಿದ್ದಾಗ ‘ಕಾನ್ಸಿಕ್ವೆನ್ಸಸ್’ ಎಂದು ಬರೆದರೆ ಯಾರೂ ದೂರುವುದಿಲ್ಲ.

ಕನ್ನಡಕ್ಕೆ ತರುವಾಗ ಎರಡು ಅರ್ಥಗಳಿಗೆ ಎರಡು ದಾರಿ ಹಿಡಿಯಬೇಕು. ಗಿಡ, ನರ, ನಾಲೆಗಳ ವಿಷಯದಲ್ಲಿ ‘ಕವಲೊಡೆ’, ‘ಟಿಸಿಲೊಡೆ’ ಎಂಬ ಕ್ರಿಯೆಗಳು ನೇರವಾಗಿ ಹೊಂದುತ್ತವೆ. ಶಾಸ್ತ್ರಗ್ರಂಥದ ಬಿಗಿ ಬೇಕಾದರೆ ‘ಶಾಖೋಪಶಾಖೆಗಳಾಗಿ ಹರಡು’ ಎನ್ನಬಹುದು. ಪರಿಣಾಮದ ಅರ್ಥದಲ್ಲಿ ‘ತೀರ್ಪಿನ ಕವಲುಗಳು’ ಎಂದು ಬರೆದರೆ, ನ್ಯಾಯಮೂರ್ತಿಗಳ ನಡುವೆ ಭಿನ್ನಾಭಿಪ್ರಾಯ ಬಂದಿತೆಂದು ಓದುಗ ಭಾವಿಸುತ್ತಾನೆ. ಪತ್ರಿಕೆಗಳಲ್ಲಿ ರೂಢಿಯಾಗಿರುವ ‘ದೂರಗಾಮಿ ಪರಿಣಾಮಗಳು’ ಎಂಬುದೇ ಅಲ್ಲಿ ಸಾಕು, ಆದರೆ ಅದು ಕಾಲದ ದೂರವನ್ನು ಹೇಳುವಷ್ಟು ಹರಹನ್ನು ಹೇಳುವುದಿಲ್ಲ. ಹರಹು ಮುಖ್ಯವಾದ ಕಡೆ ಒಂದೇ ಪದಕ್ಕೆ ಜೋತುಬೀಳದೆ ‘ಈ ಆದೇಶದಿಂದ ನೀರಾವರಿಗೂ ಕುಡಿಯುವ ನೀರಿಗೂ ಮುಂದಿನ ಮೊಕದ್ದಮೆಗಳಿಗೂ ಆಗುವ ಪರಿಣಾಮಗಳು’ ಎಂದು ಕವಲುಗಳನ್ನೇ ಬಿಡಿಸಿ ಬರೆಯುವುದು ಉತ್ತಮ. ‘ಸಾಧಕಬಾಧಕ’ ಎಂಬುದನ್ನು ಇದಕ್ಕೆ ಬಳಸುವವರಿದ್ದಾರೆ. ಅದು ಒಳಿತು ಕೆಡುಕುಗಳನ್ನು ತೂಗಿ ನೋಡುವ ಮಾತು, ತೀರ್ಮಾನಕ್ಕೆ ಮೊದಲು ಬರಬೇಕಾದದ್ದು; ತೀರ್ಮಾನವಾದ ಮೇಲೆ ಅದರಿಂದ ಹಬ್ಬಿದ್ದಕ್ಕೆ ಆ ಹೆಸರು ಹೊಂದುವುದಿಲ್ಲ.